ಮುತ್ತಜ್ಜನ ಸಮಾಧಿ ಎಲ್ಲಿದೆ?

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮುತ್ತಜ್ಜನ ಸಮಾಧಿ ಹುಡುಕೋಕೆ ಹೊರಟಿದ್ದೀರಾ? ಕಲ್ಲಿಗೆ ಕೈ ಹಾಕೋ ಮೊದಲು ಕಾಗದ ನೋಡಿ.

ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಶುರುವಾಗಿದ್ದು 1837ರಲ್ಲಿ. 1947ರಲ್ಲಿ ಆ ಮಿಷನ್ನಿನ ಸಭೆಗಳು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸೇರಿದವು. ಹಾಗಾಗಿ ನಿಮ್ಮದು ಆ ಸಭೆಯ ಕುಟುಂಬವಾದ್ರೆ ಹಳೇ ರಿಜಿಸ್ಟರ್ ಬಗ್ಗೆ ಸಿಎಸ್‌ಐ ಚರ್ಚಿನ ಸಭಾಪಾಲಕರನ್ನೇ ಕೇಳಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೂ ಚರ್ಚ್ ದಾಖಲೆಗಳ ಸಂಗ್ರಹ ಇದೆ. ಮಿಷನ್ನಿನ ಪತ್ರಗಳು ಲಂಡನ್ನಿನ ಸೋಆಸ್ (SOAS) ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಸ್ಮಶಾನಕ್ಕೆ ಸಂಜೆ ಹೋಗಿ. ಮಧ್ಯಾಹ್ನ ಬೋಳಾಗಿ ಕಂಡ ಕಲ್ಲಿನ ಮೇಲೆ ಓರೆ ಬಿಸಿಲು ಬಿದ್ದಾಗ ಸವೆದ ಅಕ್ಷರದ ತಲೆಕಟ್ಟು, ಒತ್ತು ಒಂದೊಂದಾಗಿ ನೆರಳಿನಲ್ಲಿ ಮೂಡುತ್ತೆ. ನೋಡಿದ್ರೆ ಮೈ ಜುಮ್ಮೆನ್ನುತ್ತೆ. ಮೋಡವಿದ್ರೆ ಮೊಬೈಲ್ ಟಾರ್ಚನ್ನ ಪಕ್ಕದಿಂದ ಹಿಡೀರಿ. ಪಾಚಿ ತೆಗೆಯೋಕೆ ನೀರು, ಮೆತ್ತನೆ ಬ್ರಷ್ ಸಾಕು. ಆಸಿಡ್, ತಂತಿ ಬ್ರಷ್ ದಯವಿಟ್ಟು ಬೇಡ. ಹೋದ ಅಕ್ಷರ ಮತ್ತೆ ಬರಲ್ಲ.

ಲಿಂಗಾಯತ ಮನೆತನವಾದ್ರೆ ಸಮಾಧಿ ಸ್ವಂತ ಹೊಲದಲ್ಲೇ ಇರಬಹುದು. ತಾಲ್ಲೂಕು ಕಚೇರಿಯಲ್ಲಿ ಹಳೇ ಕೈಬರಹದ ಪಹಣಿಗೆ ಅರ್ಜಿ ಹಾಕಿ, ಸರ್ವೆ ನಂಬರ್ ಹಿಡಿದು ಊರಿಗೆ ಹೋಗಿ. ಅಲ್ಲಿನ ಹಿರಿಯಜ್ಜಿ ಪಕ್ಕ ಕೂತು ಕೇಳಿ: “ಅಜ್ಜಿ, ಆ ಹುಣಸೆ ಮರದ ಬುಡದಲ್ಲಿ ಎಡೆ ಇಡ್ತಿದ್ರಲ್ಲ, ಅದು ಯಾರಿಗೆ?”