ಟ್ರಕ್ಕು ಹೊತ್ತು ತರುವ ಗಾಳಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಡೆನ್ವರ್ ನಗರದ ಹುಲ್ಲುಹಾಸುಗಳು ಉಸಿರು ಬಿಡಲು ಶುರುಮಾಡುತ್ತವೆ! ಮನೆ ಮುಂದೆ ಒಂದು ಪಿಕಪ್ ಟ್ರಕ್ ಬಂದು ನಿಲ್ಲುತ್ತದೆ. ಅದರ ಬಾಲಕ್ಕೆ ಎರಡು ಚಕ್ರದ ಗಾಡಿ, ಗಾಡಿಯ ಮೇಲೆ ಡೀಸೆಲ್ ಕಂಪ್ರೆಸರ್. ಕೆಲಸದವನು ಇಳಿದು, ಗೋಡೆ ಪಕ್ಕದ ನೀರಿನ ಕೊಳವೆಗೆ ಹೋಸ್ ಸಿಕ್ಕಿಸಿ, ವಾಲ್ವ್ ತಿರುಗಿಸುತ್ತಾನೆ. ಮೊದಲು ಏನೂ ಇಲ್ಲ. ಆಮೇಲೆ ದೂರದ ಮೂಲೆಯಲ್ಲಿ ನೆಲದೊಳಗಿಂದ ಸ್ಪ್ರಿಂಕ್ಲರ್ ತಲೆ ಟಕ್ಕನೆ ಮೇಲೇಳುತ್ತದೆ, ನೀರು ಚಿಮ್ಮುತ್ತದೆ, ನೀರು ತುಂತುರಾಗುತ್ತದೆ, ತುಂತುರು ಹಬೆಯಂತಾಗಿ ಕಡೆಗೆ ಬರೀ ಗಾಳಿ ಸುಯ್ಯೆನ್ನುತ್ತದೆ. ಅಲ್ಲಿಗೆ ಒಂದು ಸಾಲು ಮುಗಿಯಿತು. ಮುಂದಿನ ಸಾಲು, ಅದರ ಮುಂದಿನದು... ನೋಡನೋಡುತ್ತಲೇ ಅಂಗಳದಡಿಯ ಅಷ್ಟೂ ಕೊಳವೆ ಖಾಲಿ!

ಯಾಕಿಷ್ಟು ಸಡಗರ? ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಗೇಣು ಆಳದಲ್ಲಿ ಹೂತ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ಉಳಿದರೆ ಚಳಿಗಾಲದಲ್ಲಿ ಅದು ಸೀಳಿಹೋಗುತ್ತದೆ. ಅದು ಗೊತ್ತಾಗುವುದೋ, ವಸಂತದಲ್ಲಿ ನೀರು ಬಿಟ್ಟಾಗ! ಹಾಗಾಗಿ ಆ ಸೀಮೆಯಲ್ಲಿ ಮನೆ ಮಾಡಿದ ನಮ್ಮ ಕನ್ನಡದವರೂ ಚಳಿ ಬೀಳುವ ಮುಂಚೆ ಗಾಳಿಯವನಿಗೆ ಫೋನ್ ಮಾಡಲೇಬೇಕು.

ಇದು ಎಲ್ಲೋ ನಾಲ್ಕು ಶ್ರೀಮಂತರ ಅಂಗಳದ ಸುದ್ದಿ ಅಂದುಕೊಳ್ಳಬೇಡಿ. ವಿಜ್ಞಾನಿ ಕ್ರಿಸ್ಟಿನಾ ಮಿಲೇಸಿ ಮತ್ತು ಸಂಗಡಿಗರು 2005ರಲ್ಲಿ ಉಪಗ್ರಹದ ಮಾಹಿತಿ ಹಿಡಿದು ಅಮೆರಿಕದ ಹುಲ್ಲುಹಾಸನ್ನು ಅಂದಾಜು ಮಾಡಿದರು: ಮನೆಯಂಗಳ, ಪಾರ್ಕು, ಗಾಲ್ಫ್ ಮೈದಾನ ಎಲ್ಲ ಸೇರಿ ಸುಮಾರು 1,63,000 ಚದರ ಕಿಲೋಮೀಟರ್! ಇಡೀ ಕರ್ನಾಟಕದ ವಿಸ್ತೀರ್ಣವೇ 1,91,791 ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗೆ ಬಹುಪಾಲು ನೆಲಕ್ಕೆ ಹುಲ್ಲು ಹಾಸಿ, ವಾರಕ್ಕೊಮ್ಮೆ ಕತ್ತರಿಸುತ್ತ ಹೋಗುವುದನ್ನು ಊಹಿಸಿಕೊಳ್ಳಿ. ಆ ಕೆಲಸಕ್ಕೆ ಟ್ರೇಲರ್ ಎಳೆದುಕೊಂಡು ಹೊರಡುವ ಟ್ರಕ್ಕುಗಳಲ್ಲಿ ಹುಲ್ಲು ಕತ್ತರಿಸುವ ಮೋವರ್, ಪೆಟ್ರೋಲ್ ಕ್ಯಾನು, ಕುಂಟೆಗಳ ನಡುವೆ ಒಂದು ಗಾಳಿ ಯಂತ್ರವೂ ಸೇರಿಕೊಂಡರೆ ಏನೆಲ್ಲ ಆಗುತ್ತದೆ ಎಂಬುದೇ ನನ್ನ ಬೆರಗು.

ಚಕ್ರದಿಂದಲೇ ಹಿಡಿಯೋಣ. ಕಾರಿನ ಚಕ್ರಕ್ಕೆ ಮೂವತ್ತು ಪಿಎಸ್‌ಐಗಿಂತ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಲೆಕ್ಕ) ಮೇಲೆ ಗಾಳಿ ಬೇಕು, ಲಾರಿಗೆ ನೂರರ ಆಸುಪಾಸು. ಕೂತು ಓಡಿಸುವ ಮೋವರ್‌ನ ದಪ್ಪ ಚಕ್ರಕ್ಕೆ? ಸಾಮಾನ್ಯವಾಗಿ 10ರಿಂದ 15 ಪಿಎಸ್‌ಐ ಮಾತ್ರ! ಎಡಗಡೆ ಎರಡು ಮೂರು ಪಿಎಸ್‌ಐ ಕಮ್ಮಿಯಾಯಿತೋ, ಯಂತ್ರ ಆ ಕಡೆ ವಾಲುತ್ತದೆ, ಅಡಿಯ ಬ್ಲೇಡೂ ವಾಲುತ್ತದೆ, ಅಂಗಳದ ತುಂಬ ಮೆಟ್ಟಿಲು ಮೆಟ್ಟಿಲು. ಕಣ್ಣಿಗೆ ಕಾಣದ ಗಾಳಿಯ ಕೊರತೆ ಹುಲ್ಲಿನ ಮೇಲೆ ಗೆರೆ ಬರೆದಿಡುತ್ತದೆ! ಇನ್ನು ಈ ಚಕ್ರಗಳಿಗೆ ಬಹಳ ಕಡೆ ಟ್ಯೂಬ್ ಇರುವುದಿಲ್ಲ. ಫುಟ್‌ಪಾತಿನ ಅಂಚಿಗೆ ತಾಗಿದರೆ ಟೈರು ರಿಮ್ಮಿನಿಂದ ಜಾರುತ್ತದೆ. ಆಗ ಸಣ್ಣ ಪಂಪಿನಿಂದ ಎಷ್ಟು ಹೊಡೆದರೂ ಒಳಗೆ ಹೋದ ಗಾಳಿ ಅಷ್ಟೇ ವೇಗದಲ್ಲಿ ಆಚೆ ಬರುತ್ತದೆ. ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯನ್ನು ಒಮ್ಮೆಲೇ ನುಗ್ಗಿಸಿದರೆ ಮಾತ್ರ ಟೈರು ಠಪ್ ಎಂದು ರಿಮ್ಮಿಗೆ ಕೂರುತ್ತದೆ.

ಈ ವಿದ್ಯೆಯ ಒಳಗುಟ್ಟು ಇಲ್ಲೇ ಇದೆ. ನಾವೆಲ್ಲ ಗಾಳಿ ಯಂತ್ರ ಕೊಳ್ಳುವಾಗ ಎಷ್ಟು ಪಿಎಸ್‌ಐ ಎಂದು ಕೇಳುತ್ತೇವೆ. ಕೇಳಬೇಕಾದ್ದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತದೆ, ಅಂದರೆ ಎಷ್ಟು ಸಿಎಫ್‌ಎಂ ಎಂದು. ಸ್ಪ್ರಿಂಕ್ಲರ್ ಕೊಳವೆಗೆ ಒತ್ತಡ ಜಾಸ್ತಿ ಬೇಡವೇ ಬೇಡ. ಗಟ್ಟಿ ಪಿವಿಸಿಗೆ 80 ಪಿಎಸ್‌ಐ, ಮೆತ್ತನೆಯ ಪಾಲಿಥೀನಿಗೆ 50, ಅದಕ್ಕಿಂತ ಮೇಲೆ ಹೋಗಬಾರದು ಎಂಬುದು ರೂಢಿಯ ನಿಯಮ. ಆದರೆ ಕೊಳವೆಯ ನೀರನ್ನೆಲ್ಲ ತಳ್ಳಿಕೊಂಡು ಹೋಗಲು ಗಾಳಿ ಹೊಳೆಯಂತೆ ಬರಬೇಕು. ಟ್ರಕ್ಕಿನ ಹಿಂದೆ ಎಳೆಯುವ ಕಂಪ್ರೆಸರ್‌ಗಳಲ್ಲಿ ತೀರ ಸಾಮಾನ್ಯ ಅಳತೆ 185 ಸಿಎಫ್‌ಎಂ. ನಿಮಿಷಕ್ಕೆ ಐದು ಸಾವಿರ ಲೀಟರಿಗೂ ಮೇಲೆ! ಇದರ ಮುಂದೆ ಕಾರಿನ ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಪಂಪನ್ನು ಇಡಿ. 30 ಆಂಪಿಯರ್ ಎಳೆದರೂ ಅದರ ಕಸುವು 360 ವ್ಯಾಟ್, ಅರ್ಧ ಕುದುರೆ ಶಕ್ತಿ. ಅದು ಚಕ್ರ ತುಂಬೀತು, ಅಷ್ಟೇ.

ಕೋಲಾರ, ಚಿಕ್ಕಬಳ್ಳಾಪುರದ ರೈತರು ಇದನ್ನು ಓದಿ ನಕ್ಕಾರು. ಸಾವಿರ ಅಡಿ ಬೋರ್‌ವೆಲ್ ಕೊರೆಸಿದವರಿಗೆ ಗಾಳಿಯ ತಾಕತ್ತು ಹೇಳಿಕೊಡಬೇಕೆ? ಬೋರ್‌ವೆಲ್ ಲಾರಿಯ ಕಂಪ್ರೆಸರ್ ಕಳಿಸಿದ ಗಾಳಿಯೇ ಬಂಡೆಯ ತಳದಲ್ಲಿ ಸುತ್ತಿಗೆಯಾಗಿ ಬಡಿಯುತ್ತದೆ, ಅದೇ ಗಾಳಿ ಕಲ್ಲಿನ ಪುಡಿಯನ್ನೂ ಮೇಲಕ್ಕೆ ಎತ್ತಿ ತರುತ್ತದೆ. ಒಂದು ಗಾಳಿಗೆ ಎರಡು ಕೆಲಸ! ಫ್ರಾನ್ಸ್–ಇಟಲಿ ನಡುವೆ ಆಲ್ಪ್ಸ್ ಪರ್ವತ ಕೊರೆದು 1871ರಲ್ಲಿ ತೆರೆದ ರೈಲು ಸುರಂಗದಲ್ಲೂ ಎಂಜಿನಿಯರ್ ಸೊಮೆಯೇ ಇದನ್ನೇ ಮಾಡಿದ್ದರು. ಒತ್ತಿದ ಗಾಳಿ ಡ್ರಿಲ್ ನಡೆಸಿತು, ಡ್ರಿಲ್ಲಿನಿಂದ ಹೊರಬಿದ್ದ ಗಾಳಿ ಒಳಗಿದ್ದ ಕೂಲಿಗಳಿಗೆ ಉಸಿರಾಯಿತು.

ಟ್ರಕ್ಕಿಗೆ ಗಾಳಿ ಕೂರಿಸುವ ದಾರಿಗಳಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಗುಜರಿ ಜಾಣರದು. 1970ರ ದಶಕದ ಅಮೆರಿಕನ್ ಜೀಪುಗಳ ಎಸಿಯಲ್ಲಿ ಯಾರ್ಕ್ ಎಂಬ ಪಿಸ್ಟನ್ ಕಂಪ್ರೆಸರ್ ಇರುತ್ತಿತ್ತು. ಬೇರೆ ಬಹುಪಾಲು ಎಸಿ ಕಂಪ್ರೆಸರ್‌ಗಳಿಗೆ ಅನಿಲದ ಜೊತೆ ಸುತ್ತುವ ಎಣ್ಣೆಯೇ ಆಧಾರ. ಯಾರ್ಕ್‌ಗಾದರೋ ತನ್ನದೇ ಎಣ್ಣೆಯ ತೊಟ್ಟಿ, ಅನಿಲವಿಲ್ಲದೆ ಬರೀ ಗಾಳಿ ಒತ್ತಿದರೂ ಎಣ್ಣೆಗೆ ಬರವಿಲ್ಲ! ಇನ್ನೇನು ಬೇಕು? ಹಳೇ ಎಸಿ ಬಿಚ್ಚಿ ತಂದು, ಎಂಜಿನ್ನಿನ ಬೆಲ್ಟಿಗೆ ಸೇರಿಸಿ, ತಂಪು ಮಾಡುತ್ತಿದ್ದ ಯಂತ್ರದಿಂದ ಗಾಳಿ ಹೊಡೆಸಿದರು. ಈಗ ಕಂಪನಿಗಳೇ ಬಾನೆಟ್ಟಿನ ಕೆಳಗೆ ಕೂರುವ ಸ್ಕ್ರೂ ಕಂಪ್ರೆಸರ್ ಮಾಡಿ ಮಾರುತ್ತವೆ. ಮೋಟರೇ ಇಲ್ಲದ ಇನ್ನೊಂದು ದಾರಿ ಇಂಗಾಲದ ಡೈಆಕ್ಸೈಡ್ ಸಿಲಿಂಡರ್. ಒಳಗಿರುವುದು ದ್ರವ, ರೆಗ್ಯುಲೇಟರ್ ತಿರುಗಿಸಿದರೆ ಅನಿಲ. ಸದ್ದಿಲ್ಲ, ಬೆಲ್ಟಿಲ್ಲ, ತೀರಿದ ಮೇಲೆ ತುಂಬಿಸಬೇಕು ಅಷ್ಟೆ.

ದೊಡ್ಡ ಲಾರಿಗಳಿಗಂತೂ ಏನನ್ನೂ ಸೇರಿಸಬೇಕಿಲ್ಲ! ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ತಂದ ಗಾಳಿ ಬ್ರೇಕಿನ ವಂಶವೇ ಇವತ್ತು ನಮ್ಮ ಹೆದ್ದಾರಿಯ ಲಾರಿ ಬಸ್ಸುಗಳಲ್ಲಿರುವುದು. ಟ್ಯಾಂಕಿನಲ್ಲಿ ಗಾಳಿ ಸಿದ್ಧವಾಗಿಯೇ ಇರುತ್ತದೆ. ಆದರೆ ಒಂದು ಎಚ್ಚರ: ಅದರಿಂದ ಟೈರಿಗೆ ಗಾಳಿ ಕದಿಯುವಾಗ ಬ್ರೇಕಿನ ಪಾಲು ಬರಿದಾಗದಂತೆ ನಡುವೆ ರಕ್ಷಣೆಯ ವಾಲ್ವ್ ಇರಲೇಬೇಕು.

ದಿನದ ಕೊನೆಯ ಕೆಲಸ ಧೂಳು ಹೊಡೆಯುವುದು. ಮೋವರ್ ಎಂಜಿನ್ನಿನ ರೆಕ್ಕೆಗಳ ಸಂದಿಯಲ್ಲಿ ಹುಲ್ಲಿನ ಹೊಟ್ಟು ತುಂಬಿದರೆ ಅದು ಬಿಸಿಯಾಗಿ ಕೆಡುತ್ತದೆ, ತಣ್ಣಗಾದ ಮೇಲೆ ನಾಲ್ಕು ಸಲ ಗಾಳಿ ಬಿಟ್ಟರೆ ಸ್ವಚ್ಛ. ಆದರೆ ಅದೇ ಗಾಳಿಯನ್ನು ಮೈಮೇಲಿನ ಬಟ್ಟೆಗೆ ಹೊಡೆದುಕೊಳ್ಳುವ ಚಾಳಿ ಮಾತ್ರ ಪ್ರಾಣಕ್ಕೆ ಕುತ್ತು. ಗಾಯದ ಮೂಲಕ ರಕ್ತಕ್ಕೆ ಗಾಳಿ ಸೇರಿದರೆ ಮನುಷ್ಯ ಉಳಿಯದೇ ಹೋಗಬಹುದು. ಯಂತ್ರ ಸ್ವಚ್ಛ ಮಾಡುವಾಗಲೂ ಒತ್ತಡ 30 ಪಿಎಸ್‌ಐಗಿಂತ ಕೆಳಗಿರಬೇಕು ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಕಾನೂನು ಹೇಳುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಕಂಪ್ರೆಸರ್ ಟ್ಯಾಂಕಿಗೆ ಯಾರೂ ನೀರು ಹಾಕುವುದಿಲ್ಲ, ಆದರೂ ಸಂಜೆ ಅಡಿಯ ನಲ್ಲಿ ತಿರುಗಿಸಿದರೆ ನೀರು ಸುರಿಯುತ್ತದೆ! 100 ಪಿಎಸ್‌ಐ ಒತ್ತಡದಲ್ಲಿ ಹೆಚ್ಚುಕಡಿಮೆ ಎಂಟು ಟ್ಯಾಂಕಿನಷ್ಟು ಗಾಳಿ ಒಂದೇ ಟ್ಯಾಂಕಿನಲ್ಲಿ ಕೂತಿರುತ್ತದೆ. ಅಷ್ಟೂ ಗಾಳಿ ತನ್ನ ತೇವವನ್ನು ಹೊತ್ತೇ ಒಳಬರುತ್ತದೆ, ತಣಿದಾಗ ಇಳಿಸಿಬಿಡುತ್ತದೆ. ನಿಮ್ಮ ಗಾಡಿಗೋ ಗ್ಯಾರೇಜಿಗೋ ಕಂಪ್ರೆಸರ್ ತರುವವರಿದ್ದರೆ ಅಂಗಡಿಯವನಲ್ಲಿ ಮೊದಲು ಸಿಎಫ್‌ಎಂ ಕೇಳಿ. ತಂದ ಮೇಲೆ ದಿನಾ ಸಂಜೆ ಆ ನೀರು ಬಿಟ್ಟುಬಿಡಿ, ಇಲ್ಲದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ.