ಶಾಲಾ ಊಟದ ಬೇಳೆ ಮತ್ತು ಎಲೆಕ್ಟ್ರಾನಿಕ್ ದಾಖಲೆ

ಮಹಾಗಾಂವ ಸೀಮೆಯನ್ನೊಳಗೊಂಡ ಕಲಬುರಗಿ ಜಿಲ್ಲೆಯು ತೊಗರಿಗೆ ಹೆಸರಾದುದು. ಇಲ್ಲಿಯ ಬೇಳೆಗೆ 2019ನೆಯ ಇಸವಿಯಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿರುತ್ತದೆ. ಆದರೆ ಹೊಲದಿಂದ ಹೊರಟ ತೊಗರಿಯು ಗಿರಣಿ, ಅಂಗಡಿ, ಉಗ್ರಾಣಗಳನ್ನು ದಾಟಿ ಮಕ್ಕಳ ತಟ್ಟೆಗೆ ಬರುವಷ್ಟರಲ್ಲಿ ಅದರ ಮೂಲವನ್ನು ಬರಿಗಣ್ಣಿನಿಂದ ನಿರ್ಧರಿಸಲಾಗದು. ಆದುದರಿಂದ ಚೀಲದೊಡನೆ ಅದರ ದಾಖಲೆಯೂ ಶಾಲೆಗೆ ಬರತಕ್ಕದ್ದು.

ಈ ಜಿಲ್ಲೆಯೂ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವು 2002ರಲ್ಲಿ ಆರಂಭವಾಯಿತು. ದಿನವೊಂದಕ್ಕೆ 1ರಿಂದ 5ನೆಯ ತರಗತಿಯ ಮಗುವಿಗೆ 20 ಗ್ರಾಂ, 6ರಿಂದ 8ನೆಯ ತರಗತಿಯ ಮಗುವಿಗೆ 30 ಗ್ರಾಂ ಬೇಳೆ ನಿಗದಿಯಾಗಿದೆ. 120 ಮಂದಿ ಕಿರಿಯ ಮಕ್ಕಳಿರುವ ಶಾಲೆಗೆ ದಿನಕ್ಕೆ 2.4 ಕಿಲೋ ಬೇಕಾಗುವುದರಿಂದ 50 ಕಿಲೋ ಚೀಲವು 20 ದಿನಗಳಿಗೆ ಸಾಲುತ್ತದೆ. ಎಂದರೆ ಒಂದು ಚೀಲದ ದೋಷವು 20 ದಿನಗಳ ಊಟವನ್ನು ಕೆಡಿಸಬಲ್ಲುದು.

ಎಲೆಕ್ಟ್ರಾನಿಕ್ ದಾಖಲೆಯೆಂದರೆ ಪದಾರ್ಥದ ಜಾತಕವನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು. ತಯಾರಕನ ಹೆಸರು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ಕಟ್ಟಿದ ದಿನಾಂಕ, ಬಾಳಿಕೆಯ ಅವಧಿ, ತೂಕ, ಇವು ಅದರಲ್ಲಿ ಇರತಕ್ಕವು. ಪರವಾನಗಿಯು ಊರ್ಜಿತವಾಗಿದೆಯೇ ಎಂಬುದನ್ನು ಪ್ರಾಧಿಕಾರದ ಜಾಲತಾಣದಲ್ಲಿ ಯಾರಾದರೂ ನೋಡಬಹುದು. ಒಂದು ಶಾಲೆಯಲ್ಲಿ ದೋಷ ಕಂಡರೆ, ಅದೇ ತಂಡದ ಚೀಲಗಳು ಹೋದ ಉಳಿದ ಶಾಲೆಗಳನ್ನು ಆಗಲೇ ಎಚ್ಚರಿಸಲು ಸಾಧ್ಯವಾಗುತ್ತದೆ. ಕಾಗದದ ಪುಸ್ತಕಗಳನ್ನು ಊರೂರಿಗೆ ಹೋಗಿ ತಿರುವಿಹಾಕುವುದರೊಳಗೆ ಆ ಬೇಳೆಯು ಬೆಂದುಹೋಗಿರುತ್ತದೆ.

ಆದರೆ ದಾಖಲೆಯು ಚೀಲಕ್ಕೆ ಸೇರಿದ್ದು. ಪದಾರ್ಥವನ್ನು ಬೇರೆ ಪಾತ್ರೆಗೆ ಸುರಿದು ಗುರುತು ಬರೆಯದಿದ್ದರೆ ಅದು ನಿರರ್ಥಕ. ಬಿಹಾರದ ಗಂಡಾಮನ್ ಗ್ರಾಮದಲ್ಲಿ 2013ರ ಜುಲೈ ತಿಂಗಳಲ್ಲಿ ಶಾಲೆಯ ಊಟದಿಂದ 23 ಮಕ್ಕಳು ಮೃತರಾದರು. ಅಡುಗೆಯ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಆದುದರಿಂದ ಭೂಮಾಲೀಕರು ಔಷಧದ ಖಾಲಿ ಡಬ್ಬಿಗಳನ್ನು ಯಾರಿಗೂ ಕೊಡಕೂಡದು.

ಊಟದ ಗುಣಮಟ್ಟವನ್ನು ನೋಡುವ ಹೊಣೆ ಶಾಲಾ ಸಮಿತಿಗೆ ಸೇರಿದ್ದು. ಗ್ರಾಮದ ಮುಖಂಡರು ಸಮಿತಿಯೊಡನೆ ನಿಂತು ಮೂರು ಕೆಲಸಗಳನ್ನು ನಡೆಯಿಸಬೇಕು:

1. ಚೀಲವನ್ನು ಇಳಿಸಿಕೊಳ್ಳುವಾಗಲೇ ತೂಗಿ, ತಂಡದ ಸಂಖ್ಯೆಯನ್ನು ಅದೇ ದಿನ ದಾಖಲಿಸುವುದು.

2. ಮೊದಲು ಬಂದ ಚೀಲವನ್ನು ಮೊದಲು ಬಿಚ್ಚುವುದು; ಎರಡು ತಂಡಗಳನ್ನು ಬೆರಸದಿರುವುದು.

3. ಗುರುತಿಲ್ಲದ ಚೀಲವನ್ನು ಹಿಂದಕ್ಕೆ ಕಳುಹಿಸುವುದು.

ಮನೆಯ ಮಕ್ಕಳಿಗೆ ಬೇಳೆಯನ್ನು ಆರಿಸಿ ಬೇಯಿಸುವ ಎಚ್ಚರಿಕೆಯೇ ಊರಿನ ಮಕ್ಕಳಿಗೂ ಸಲ್ಲತಕ್ಕದ್ದು.