ಕೇಂಬ್ರಿಜ್‌ನಿಂದ ನಾಗರಭಾವಿಗೆ: ಡಾ. ವಿ.ಕೆ.ಆರ್.ವಿ. ರಾವ್ ಅವರ ವಿದ್ಯಾಯಾತ್ರೆ

ಪಶ್ಚಿಮ ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು (ಐಸೆಕ್) ಸಂಶೋಧಕರಿಗೆ ಚಿರಪರಿಚಿತ. 1972ರಲ್ಲಿ ಇದನ್ನು ಸ್ಥಾಪಿಸಿದ ಡಾ. ವಿ.ಕೆ.ಆರ್.ವಿ. ರಾವ್ ಅವರು ನಮ್ಮ ದೇಶದ ಆದಾಯವನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದ ಮೊದಲಿಗರಲ್ಲಿ ಒಬ್ಬರೆಂಬುದು ವಾಣಿಜ್ಯ ಬಾಂಧವರಲ್ಲಿ ಅನೇಕರಿಗೆ ತಿಳಿದಿರಲಾರದು.

1908ರಲ್ಲಿ ಕಾಂಚೀಪುರದಲ್ಲಿ ಜನಿಸಿದ ರಾವ್, ಮುಂಬಯಿಯಲ್ಲಿ ವ್ಯಾಸಂಗ ಮುಗಿಸಿ ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜು ಸೇರಿದರು. ಜಾನ್ ಮೇನಾರ್ಡ್ ಕೇನ್ಸ್ ಅವರ ವಿಚಾರಗಳು ಅರ್ಥಶಾಸ್ತ್ರದ ದಿಕ್ಕನ್ನೇ ಬದಲಿಸುತ್ತಿದ್ದ ಕಾಲವದು. 1937ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಆ ದಿನಗಳ ಬಗೆಗಿನ ಅವರ ಅಭಿಮಾನ ಕೊನೆಯವರೆಗೂ ಮಾಸಲಿಲ್ಲ. ಆದರೆ ಅವರು ಅಲ್ಲಿಂದ ತಂದದ್ದು ಸಿದ್ಧ ಉತ್ತರಗಳನ್ನಲ್ಲ, ಲೆಕ್ಕ ಕೇಳುವ ವಿಧಾನವನ್ನು.

ಪುಸ್ತಕವನ್ನೇ ಇಡದ ಅಂಗಡಿಯ ಆದಾಯ ನಿರ್ಧರಿಸುವ ಕಷ್ಟವನ್ನು ಲೆಕ್ಕಪರಿಶೋಧಕರು ಬಲ್ಲರು. ರಾವ್ ಅವರ ಮುಂದಿದ್ದುದು ಅಂತಹ ಒಂದು ಇಡೀ ದೇಶ. ಕೃಷಿ ಮೊದಲಾದ ಕ್ಷೇತ್ರಗಳಲ್ಲಿ ಉತ್ಪನ್ನದ ಮೌಲ್ಯವನ್ನು, ವ್ಯಾಪಾರ, ಸೇವೆಗಳಲ್ಲಿ ದುಡಿಯುವವರ ಗಳಿಕೆಯನ್ನು ಆಧಾರವಾಗಿಸಿ, ಎರಡನ್ನೂ ಕೂಡಿಸಿದರು. 1931-32ರಲ್ಲಿ ಬ್ರಿಟಿಷ್ ಇಂಡಿಯಾದ ತಲಾ ಆದಾಯ ವರ್ಷಕ್ಕೆ 62 ರೂಪಾಯಿ ಎಂಬುದು ಅವರ ಅಂದಾಜು. ದೇಶದ ಬಡತನದ ಮಾತು ಭಾಷಣದ ವಿಷಯವಾಗಿ ಉಳಿಯದೆ ಅಂಕಿಯ ಆಧಾರ ಪಡೆಯಿತು.

ಗುರುಸ್ಥಾನದಲ್ಲಿದ್ದವರ ಸಿದ್ಧಾಂತವನ್ನೂ ಅವರು ಪರೀಕ್ಷೆಗೆ ಒಡ್ಡಿದರು. ಸರ್ಕಾರದ ವೆಚ್ಚ ಹೆಚ್ಚಿದರೆ ಉತ್ಪಾದನೆ, ಉದ್ಯೋಗ ಹಲವು ಪಟ್ಟು ಬೆಳೆಯುತ್ತವೆ ಎಂಬುದು ಕೇನ್ಸ್ ವಾದ. ಬಹುಪಾಲು ಜನ ಕೃಷಿಯನ್ನೇ ನಂಬಿ, ಬಂಡವಾಳ, ಉಪಕರಣಗಳ ಕೊರತೆಯಿರುವ ಭಾರತದಂತಹ ದೇಶದಲ್ಲಿ ಅದು ಹಾಗೆಯೇ ಅನ್ವಯಿಸದು, ಬೆಲೆಯೇರಿಕೆಗೆ ಎಡೆಮಾಡೀತು ಎಂದು 1952ರ ಲೇಖನದಲ್ಲಿ ವಾದಿಸಿದರು.

ಕೇಂಬ್ರಿಜ್‌ನಲ್ಲಿ ಕಂಡ ವಿದ್ವತ್ ವಾತಾವರಣವನ್ನು ಸ್ವದೇಶದಲ್ಲಿ ಕಟ್ಟುವುದೇ ಅವರ ಮುಂದಿನ ಜೀವನಕಾರ್ಯವಾಯಿತೆನ್ನಬಹುದು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್, 1958ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಸ್ಥಾಪನೆಗೊಂಡವು. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಚಿವರಾದರು. ಶಿಕ್ಷಣ ಖಾತೆಯನ್ನೂ ನಿರ್ವಹಿಸಿದರು. ಅಧಿಕಾರದ ಬಳಿಕ ಮರಳಿದ್ದು ಮತ್ತೆ ವಿದ್ಯೆಯ ಕಡೆಗೇ. ಡಾಕ್ಟರೇಟ್‌ಗಾಗಿ ಕಡಲು ದಾಟಿದವರು, ನಮ್ಮ ಯುವಕರು ಇಲ್ಲಿಯೇ ಡಾಕ್ಟರೇಟ್ ಸಂಶೋಧನೆ ನಡೆಸಲು ನಾಗರಭಾವಿಯಲ್ಲಿ ನೆಲೆ ಒದಗಿಸಿದರು. 1974ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಪಾತ್ರರಾದ ಅವರು 1991ರಲ್ಲಿ ನಿಧನರಾದರು. ಐಸೆಕ್ ಗ್ರಂಥಾಲಯ ಅವರ ಹೆಸರನ್ನು ಹೊತ್ತಿದೆ.

2015ರಲ್ಲಿ ಪ್ರಕಟವಾದ ರಾಷ್ಟ್ರೀಯ ಆದಾಯದ ಸರಣಿಯಲ್ಲಿ, ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ವಾರ್ಷಿಕ ಲೆಕ್ಕಪತ್ರಗಳನ್ನೇ ವ್ಯಾಪಕವಾಗಿ ಬಳಸಿಕೊಳ್ಳಲಾಯಿತು. ರಾಜಾಜಿನಗರದ ಒಂದು ಸಣ್ಣ ಕಂಪನಿಯ ಆಢಾವೆ ಪತ್ರಿಕೆಯೂ ಹೀಗೆ ದೇಶದ ಲೆಕ್ಕಕ್ಕೆ ಆಧಾರವಾಗಬಲ್ಲದು. ಲೆಕ್ಕ ಬರೆಯುವ ಕೈ ಪ್ರಾಮಾಣಿಕವಾಗಿದ್ದರೆ ಮಾತ್ರ ದೇಶದ ಅಂಕಿಯೂ ಪ್ರಾಮಾಣಿಕವಾದೀತು. ಅಂಕಿಗಳೇ ಇಲ್ಲದ ಕಾಲದಲ್ಲಿ ಅವನ್ನು ಹುಡುಕಿ ಹೆಕ್ಕಿದ ರಾವ್ ಅವರಿಗೆ ಉದ್ಯಮಿಗಳು ಸಲ್ಲಿಸಬಹುದಾದ ಗೌರವ ಇದೇ.